ಹಿಂದಕ್ಕೆ ತಿರುಗಿದ ಗಾಲಿ

ಎಕ್ಸಲೇಟರ್ ತಿರುವಿದ ಕೂಡಲೇ ಗಾಲಿ ತಿರುಗಿತು. ಆದರೆ ಹಿಂದಕ್ಕೆ.

ಪೊಲೀಸ್ ಹೊರಠಾಣೆಯ ಅಂಗಳದಲ್ಲಿ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ್ದ ಆ ಹಳೆಯ ವಿಲಾಯತಿ ಸೈಕಲ್ಲಿನ ಹಿಂಗಾಲಿ ಸಪ್ಪಳವಿಲ್ಲದೆ ಹಿಮ್ಮುಖವಾಗಿ ಸುತ್ತುತ್ತಿತ್ತು. ಅದರ ಹಿಂದೆ ಚೈನು, ಚೈನಿನ ಹಿಂದೆ ಪೆಡಲುಗಳು. ಕಣ್ಣಿಗೆ ಕಾಣದ ಯಾರೋ ಸೀಟಿನ ಮೇಲೆ ಕೂತು, ಬಂದ ದಾರಿಯನ್ನೇ ಹಿಂದಕ್ಕೆ ತುಳಿಯುತ್ತಿರುವ ಹಾಗೆ.

ಹಿಂಗಾರಿ ಮಳೆ ಬಿಟ್ಟ ಮಧ್ಯಾಹ್ನ. ಎರೆಹೊಲಗಳಿಂದ ಏಳುವ ಉಗಿಯಲ್ಲಿ ದೂರದ ಕಾಲುವೆಯ ಏರಿ ನೆಲ ಬಿಟ್ಟು ಮೇಲೆ ನಿಂತಂತೆ ಕಾಣುತ್ತಿತ್ತು. ಎಲ್ಲಿಂದಲೋ ತೇಲಿ ಬಂದ ಒಂದು ಎಳೆ ಹತ್ತಿ ಗಾಲಿಯ ಕಡ್ಡಿಗೆ ಸಿಕ್ಕಿ, ತಾನೂ ಸುತ್ತತೊಡಗಿತು. ಒಂದು ಕಾಲಕ್ಕೆ ಇದೇ ಠಾಣೆಯಲ್ಲಿದ್ದ ನಿವೃತ್ತ ಹವಾಲ್ದಾರ್ ಮೈಲಾರವ್ವ ಅದನ್ನೇ ನೋಡುತ್ತ ನಿಂತಳು. ನಿದ್ದೆಗಣ್ಣಿನಲ್ಲಿ ತೊಟ್ಟಿಲು ನೋಡುವ ಹಾಗೆ.

"ನೋಡಿದ್ರಿಲ್ಲೋ ಅವ್ವಾರ?" ಎಂದರು ಠಾಣೆಯ ಎಳೆವಯಸ್ಸಿನ ಸಾಹೇಬರು. "ಕಾಲುವಿ ದಂಡಿ ಮ್ಯಾಲೆ ಮುಂದ ಹೋಗಾಕಂತ ಎಕ್ಸಲೇಟರ್ ತಿರುವ್ಯಾರ. ಇದು ಹಿಂದ ಜಿಗದೈತಿ. ವಯಸ್ಸಾದ ಮನುಷ್ಯಾ, ನೀರಿಗೆ ಬಿದ್ದಾರ. ಮುಗೀತು."

ಬಿದ್ದವನೆಂದು ಅವರು ಹೇಳಿದ್ದು ಅಂದಾನೆಪ್ಪನನ್ನು. ಆಯುಷ್ಯವಿಡೀ ಹೊಲಗಳಿಗೆ ನೀರು ಬಿಟ್ಟ ನೀರಗಂಟಿ, ಕೆಲಸದಿಂದ ಇಳಿದ ಮೇಲೂ ದಿನಕ್ಕೊಮ್ಮೆ ಕಾಲುವೆಯ ಮುಖ ನೋಡದೆ ಉಣ್ಣದವನು. ಆತ ಕಾಣೆಯಾಗಿ ವಾರ ಕಳೆದಿತ್ತು. ಸೈಕಲ್ಲು ದಂಡೆಯ ಮೇಲೆ ಬಿದ್ದು ಸಿಕ್ಕಿತ್ತು. ಆತ ಸಿಕ್ಕಿರಲಿಲ್ಲ.

"ಅಳಿಯಾ ಪ್ರಭು ಬರದು ಕೊಟ್ಟಾನ. ಗುಜರಿ ಸಾಮಾನು ಕೂಡಿಸಿ ಮಾಡಿದ ಸೈಕಲ್ಲು ಮಾವನ ಜೀವಾ ತಗೊಂಡ್ತು ಅಂತ. ಸಂಜಿಗೆ ದಾವೂದಸಾಬನ್ನ ಒಳಗ ಕೂಡಸಬೇಕು ನಾ. ಬ್ಯಾರೆ ಹಾದಿ ಇಲ್ಲ."

ದಾವೂದಸಾಬ ಅಲ್ಲೇ ಇದ್ದ. ನವಲಗುಂದದ ಸೈಕಲ್ ಅಂಗಡಿಯವನು, ಈ ಸೈಕಲ್ಲಿಗೆ ಬ್ಯಾಟರಿ ಹಚ್ಚಿದವನು. ಎಣ್ಣೆ ಹತ್ತಿದ ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದ.

ಮೈಲಾರವ್ವ ಚೌಕಟ್ಟಿನ ನಡುವೆ ಬಿಗಿದಿದ್ದ ಸ್ಟೀಲಿನ ಊಟದ ಡಬ್ಬಿಯನ್ನು ತೆರೆದಳು. ಗಾಲಿಯ ಮೋಟರಿನಿಂದ ಬಂದ ದಪ್ಪನೆಯ ಮೂರು ವೈರು, ಕಂಟ್ರೋಲರಿನಿಂದ ಬಂದ ದಪ್ಪನೆಯ ಮೂರು ವೈರು. ಹಳದಿಗೆ ಹಳದಿ, ಹಸಿರಿಗೆ ಹಸಿರು, ನೀಲಿಗೆ ನೀಲಿ. ಮೇಲೆ ಹೊಸ ಕಪ್ಪು ಟೇಪು. ಅಗದಿ ಒಪ್ಪಾದ ಕೆಲಸ.

"ದಾವೂದಸಾಬ, ಇದು ನೀ ಕಟ್ಟಿದ್ದೇನಪಾ?"

ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಕಣ್ಣಲ್ಲಿ ಮೊದಲು ಅಚ್ಚರಿ ಮಿಂಚಿದ್ದನ್ನು ಮೈಲಾರವ್ವ ಕಂಡಳು. ಆಮೇಲೆ ಯಾರೋ ಒಳಗಿನಿಂದ ದೀಪದ ಬತ್ತಿ ಇಳಿಸಿದಂತೆ ಅದು ಆರಿತು.

"ಹೌದ್ರಿ ಅಕ್ಕಾ. ನಾನ ಕಟ್ಟಿದ್ದು."

"ಆತಲ್ಲ," ಎಂದರು ಸಾಹೇಬರು.

"ಸಂಜಿ ಅಂದೀರಿ. ಸಂಜಿ ಆಗಿಲ್ಲಲ್ಲ ಇನ್ನಾ," ಎಂದಳು ಮೈಲಾರವ್ವ.

ಸಾಹೇಬರು ಅಂಗಳದ ಬೇವಿನ ನೆರಳನ್ನೊಮ್ಮೆ ನೋಡಿ ನಕ್ಕರು. "ತಗೋರಿ. ಹೊತ್ತು ಮುಳುಗೂತನಕ."

ಅವರು ಒಳಗೆ ಹೋದ ಮೇಲೆ ಮೈಲಾರವ್ವ ಸೈಕಲ್ಲಿನ ಬಾಜೂ ಕುಕ್ಕುರುಗಾಲಲ್ಲಿ ಕೂತಳು. ಮಡ್‌ಗಾರ್ಡಿನ ಒಳಗೆ ಬೆರಳಾಡಿಸಿದಳು. ಏನೂ ಹತ್ತಲಿಲ್ಲ. ಅದೇ ಅವಳಿಗೆ ಬೇಕಾದದ್ದು. ಆ ವಾರವೆಲ್ಲ ಬಿಟ್ಟು ಬಿಟ್ಟು ಮಳೆ. ದಂಡೆಯ ಹಾದಿ ಕಪ್ಪು ಎರೆಮಣ್ಣಿನ ಮುದ್ದೆ. ಅಂಥ ಹೊತ್ತಿನಲ್ಲಿ ಅಲ್ಲಿ ಸೈಕಲ್ ಹೊಡೆದರೆ ಹತ್ತು ಮಾರು ಹೋಗುವುದರೊಳಗೆ ಮಡ್‌ಗಾರ್ಡಿನ ತುಂಬ ಮಣ್ಣು ಗಿಡಿದು ಗಾಲಿ ನಿಂತೇ ಹೋಗುತ್ತದೆ; ಜನ ಮಣ್ಣು ಕೆದರಲು ಕಡ್ಡಿ ಇಟ್ಟುಕೊಂಡೇ ತಿರುಗುತ್ತಾರೆ. ಇಲ್ಲಿ ಒಂದು ಚೂರು ಎರೆ ಇಲ್ಲ.

ಆದರೆ ಹಿಂದಿನ ಟಯರು ರಿಮ್ಮಿಗೆ ಕೂಡುವ ಸಂದಿಯಲ್ಲಿ ಬೇರೆ ಏನೋ ಇತ್ತು. ಉಗುರಿನಿಂದ ಕೆದರಿ ಅಂಗೈಗೆ ಹಾಕಿಕೊಂಡಳು. ಕೆಂಪು ಮಣ್ಣು. ಇಟ್ಟಿಗೆಯ ಪುಡಿಯಂಥ ಕೆಂಪು.

ನವಲಗುಂದದ ಸೀಮೆಯಲ್ಲಿ ನೆಲವನ್ನು ಎಷ್ಟು ಆಳ ಅಗೆದರೂ ಈ ಬಣ್ಣ ಬರುವುದಿಲ್ಲ.

ದಾವೂದಸಾಬನ ಮನೆಯೊಳಗೆ ಹಾಯುವವರು ಮೊದಲು ಮಗ್ಗಕ್ಕೆ ನಮಸ್ಕಾರ ಮಾಡಬೇಕು, ಅಷ್ಟು ಬಗ್ಗಿಯೇ ಒಳಗೆ ಹೋಗಬೇಕು. ಬಾಗಿಲಿಗೆ ಅಡ್ಡ ನಿಲ್ಲಿಸಿದ ಮಗ್ಗದ ಮೇಲೆ ಅರ್ಧ ನೆಯ್ದ ಜಮಖಾನ. ಎರಡು ನವಿಲು ಎದುರುಬದುರು ನಿಂತಿದ್ದವು, ಒಂದಕ್ಕೆ ಇನ್ನೂ ತಲೆ ಬಂದಿರಲಿಲ್ಲ. ದಾವೂದಸಾಬನ ಹೆಂಡತಿ ಖಾಸಿಂಬಿ ಕಬ್ಬಿಣದ ಹಣಿಗೆಯಿಂದ ಎಳೆ ಬಡಿಯುತ್ತ ಕೂತಿದ್ದಳು. ಠಪ್, ಠಪ್ ಎಂಬ ಆ ಸದ್ದಿಗೆ ಮನೆಯೇ ನಿಧಾನಕ್ಕೆ ಉಸಿರಾಡುತ್ತಿರುವಂತೆ ಅನಿಸುತ್ತಿತ್ತು.

"ಬರ್ರಿ ಅಕ್ಕಾ. ಚಾ ಕುಡೀತೀರೋ, ಇವರಿಗೆ ಜೈಲಿಗೆ ಬುತ್ತಿ ಕಟ್ಟೂದು ನೋಡ್ತೀರೋ?"

"ಎರಡೂ ತಡೀಲಿ. ಸೈಕಲ್ ಹೆಂಗ ಮಾಡಿದ್ರಿ, ಅದನ್ನ ಹೇಳು ಮೊದಲ."

ದಾವೂದಸಾಬ ಹೊಸ್ತಿಲ ಮೇಲೆ ಕೂತ. ಕೆಲಸದ ಮಾತು ಬಂದರೆ ಅವನ ನಾಲಿಗೆಯ ಬಿಗಿ ಸಡಿಲಾಗುತ್ತಿತ್ತು.

"ಹೊಸಾದು ಕೊಳ್ಳಾಕ ಅಂದಾನೆಪ್ಪ ಕಾಕಾ ಕಡೆ ಏನೈತ್ರಿ? ಮೊಣಕಾಲು ಹೋಗಿದ್ವು, ಕಾಲುವಿ ಬಿಡಾಕ ಮನಸಿಲ್ಲ. ಹುಬ್ಬಳ್ಳಿ ಗುಜರಿಯೊಳಗ ಒಂದು ಮೋಟರ್ ಸಿಕ್ತು. ಇನ್ನೊಂದು ಅಂಗಡ್ಯಾಗ ಕಂಟ್ರೋಲರ್. ಬ್ಯಾಟರಿ, ಲಾರಿಗೆ ಬಡದು ನುಗ್ಗಾದ ಸ್ಕೂಟರಿಂದು. ಕಾಕಾಂದು ಒಂದ ಹಟಾ. ಇದು ನಮ್ಮಪ್ಪನ ಸೈಕಲ್, ಇದಕ್ಕ ತೂತು ಹಾಕಿದ್ರ ನನಗ ಹಾಕಿಧಂಗ ಅಂದ."

"ಮತ್ತ?"

"ಒಂದು ತೂತು ಹಾಕಿಲ್ಲ ನೋಡ್ರಿ. ಡಬ್ಬಿ ಬಿಗ್ಯಾಕ ಹಳೇ ಟ್ಯೂಬ್ ಸೀಳಿ ಪೈಪಿಗೆ ಸುತ್ತೀನಿ. ಮೋಟರಿನ ಅಚ್ಚು ಈ ಸೈಕಲ್ಲಿಗೆ ದಪ್ಪಾತು. ಸೈಕಲ್ ಕೊರೀಲಿಲ್ಲ, ಅಚ್ಚನ್ನ ಅರದಿಂದ ತಿಕ್ಕಿ ತಿಕ್ಕಿ ಸಣ್ಣ ಮಾಡಿದೆ. ಮದಲಿನ ರಿಮ್ಮಿಗೇ ಹೊಸಾ ಕಡ್ಡಿ ಹೆಣದೆ. ಮೊದಲನೇ ದಿನಾ ಕಾಕಾ ಹತ್ತಿ ಹೋದ್ರ, ಅಕ್ಕಾ, ಮನುಷ್ಯಾ ಹೊಂಟಂಗ ಕಾಣಲಿಲ್ಲ. ಮಂಜಿನ್ಯಾಗ ಹಕ್ಕಿ ತೇಲಿಧಂಗ ಹೋದ."

"ಅಷ್ಟು ಚಂದ ಮಾಡಿದ್ದಿ. ಹಳದಿಗೆ ಹಳದಿ, ಹಸರಿಗೆ ಹಸರು ಕೂಡಿಸಿದ್ದಿ. ಮತ್ತ ಯಾಕ ಹಿಂದ ತಿರಗತೈತಿ?"

ಖಾಸಿಂಬಿಯ ಹಣಿಗೆ ಗಾಳಿಯಲ್ಲೇ ನಿಂತಿತು. "ಹಳದಿಗೆ ಹಳದಿ? ಹಂಗಂತ ಯಾರ ಹೇಳಿದ್ರು?"

"ನಾನ ಕಣ್ಣಾರೆ ನೋಡಿ ಬಂದೀನಿ."

"ಖಾಸಿಂಬಿ, ಸುಮ್ಮನಿರು," ಎಂದ ದಾವೂದಸಾಬ.

"ಸುಮ್ಮನಿದ್ದು ಸುಮ್ಮನಿದ್ದ ಹಿಂಗಾಗೇತಿ!" ಅವಳು ಹಣಿಗೆಯನ್ನು ನೆಲಕ್ಕಿಟ್ಟು ಮೈಲಾರವ್ವನ ಕಡೆ ಹೊರಳಿದಳು. "ಅಕ್ಕಾ, ಇವರಿಗೆ ಬಣ್ಣಾ ತಿಳಿಯಂಗಿಲ್ಲ. ಹುಟ್ಟಿದಾಗಿಂದ ಹಂಗ. ಲಗ್ನಾದ ವರ್ಷ ಹಸರ ಸೀರಿ ತರ್ರಿ ಅಂದ್ರ, ದೊಡ್ಡ ಶಾಣ್ಯಾನಂಗ ಸಗಣಿ ಬಣ್ಣದ್ದು ತಂದು ಕೊಟ್ಟ್ರು. ಆ ವೈರಿನೊಳಗ ಹಳದಿ ಯಾವುದು, ಹಸರು ಯಾವುದು ಅಂತ ಇವರನ್ನ ಕೇಳ್ರಿ. ಹೇಳಿದ್ರ ಈ ಮಗ್ಗಾ ಸುಟ್ಟು ಚಾ ಕಾಸ್ತೀನಿ."

ಮೈಲಾರವ್ವ ನಗಲಿಲ್ಲ. "ಮತ್ತ ಹೆಂಗ ಕೂಡಿಸಿದ?"

"ಮೋಟರ್ ಒಂದು ಕಡೇದು, ಕಂಟ್ರೋಲರ್ ಒಂದು ಕಡೇದು. ಬಣ್ಣಕ್ಕ ಬಣ್ಣಾ ಕೂಡಸಿದ್ರ ಅವು ಮಾತು ಕೇಳಂಗಿಲ್ಲ ಅಂತ. ಅದಲು ಬದಲು ಮಾಡಿ ನೋಡಿ, ಗಾಲಿ ಮುಂದ ತಿರಗಿದ ಕೂಡ್ಲೆ ನನ್ನ ಕರದ್ರು. ನಾ ಜಮಖಾನದ ಕೆಂಪು ದಾರಾ ಹರದು ಒಂದೊಂದು ವೈರಿಗೆ ಒಂದೊಂದು ಕಟ್ಟಿದೆ. ಒಂದು ಗಂಟಿಂದು ಒಂದು ಗಂಟಿಂದಕ್ಕ, ಎರಡಿಂದು ಎರಡಕ್ಕ, ಮೂರಿಂದು ಮೂರಕ್ಕ. ಬೆರಳಿಗೆ ಗಂಟು ಹತ್ತಿದ್ರ ಸಾಕು. ಕಣ್ಣು ಯಾಕ ಬೇಕು?"

"ಡಬ್ಬಿಯೊಳಗ ದಾರ ಇರಲಿಲ್ಲ."

"ಹಂಗಾರ ಯಾರೋ ಬಿಚ್ಚಿ, ಬಣ್ಣಾ ನೋಡಿ ಕಟ್ಟ್ಯಾರ! ನಮ್ಮವರಲ್ಲ!" ಖಾಸಿಂಬಿ ಗಂಡನ ಕಡೆ ಕೈ ಮಾಡಿದಳು. "ಇದನ್ನ ಸಾಹೇಬರ ಮುಂದ ಹೇಳಾಕ ಏನ ಧಾಡಿ ಆಗೇತಿ ನಿಮಗ? ಬಣ್ಣಾ ಕಾಣದವನಿಗೆ ಕರೆಂಟಿನ ಕೆಲಸಾ ಕೊಡಂಗಿಲ್ಲ ಅಂತ ನಾಚಿಕಿ. ನಾಚಿಕಿ ಇಟಗೊಂಡು ಜೈಲಿಗೆ ಹೋಗ್ರಿ."

ದಾವೂದಸಾಬ ಹೊಸ್ತಿಲ ಮೇಲಿನ ಎಣ್ಣೆಯ ಕಲೆಯೊಂದನ್ನು ಹೆಬ್ಬೆರಳಿನಿಂದ ತಿಕ್ಕತೊಡಗಿದ.

"ಒಂದ ಮಾತು ಹೇಳು," ಎಂದಳು ಮೈಲಾರವ್ವ ಮೆಲ್ಲಗೆ. "ಆ ಮೂರು ವೈರು ಬಿಚ್ಚೂ ಕೆಲಸಾ ಯಾವಾಗ ಬರತೈತಿ?"

"ಪಂಚರ್ ಆದಾಗ್ರಿ. ಹಿಂದಿನ ಗಾಲಿ ತಗೀಬೇಕಂದ್ರ ವೈರ್ ಬಿಚ್ಚಲಿಕ್ಕೇ ಬೇಕು." ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬಣ್ಣಗೆಟ್ಟಿತು. ಎದ್ದು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ.

ಮೈಲಾರವ್ವ ಮಗ್ಗದ ಎಳೆಗಳ ನಡುವಿನಿಂದ ಅವನು ಹೋಗುವುದನ್ನು ನೋಡಿದಳು. ಕೆಂಪು ಮಣ್ಣಿನ ಊರಲ್ಲಿ ಆ ಗಾಲಿ ಪಂಚರಾಗಿದೆ. ಅಲ್ಲಿನ ಪಂಚರಿನವನು ದಾರದ ಗುಟ್ಟು ತಿಳಿಯದೆ ಬಣ್ಣ ನೋಡಿ ಕೂಡಿಸಿದ್ದಾನೆ. ಕೆಂಪು ಮಣ್ಣೆಂದರೆ ಕಲಘಟಗಿಯ ಆಚೆ, ಅಳ್ನಾವರದ ಕಡೆ, ಅಡವಿ ಸುರುವಾಗುವಲ್ಲಿ. ಆಮೇಲೆ ಸೈಕಲ್ಲು ಯಾವುದೋ ಗಾಡಿಯಲ್ಲಿ ಮಲಗಿ ತಿರುಗಿ ಬಂದಿದೆ, ಎರೆಮಣ್ಣು ತುಳಿಯದೆ ದಂಡೆ ಸೇರಿದೆ. ಅಂದಾನೆಪ್ಪ ಅಲ್ಲಿ ಬಿದ್ದಿಲ್ಲ. ಅವನು ಬಿದ್ದಂತೆ ಕಾಣಲಿ ಎಂದು ಯಾರೋ ಸೈಕಲ್ಲನ್ನು ಅಲ್ಲಿ ಬೀಳಿಸಿದ್ದಾರೆ.

ಗಾಡಿ ಇದ್ದದ್ದು ಅಳಿಯ ಪ್ರಭುವಿಗೆ. ಟೆಂಪೋದಲ್ಲಿ ಪಂಪಸೆಟ್ಟು ಹೇರಿಕೊಂಡು ಊರೂರು ತಿರುಗಿ ರಿಪೇರಿ ಮಾಡುವವನು. ಬಣ್ಣ ನೋಡಿ ವೈರು ಕೂಡಿಸುವುದು ಅವನಿಗೂ ಬಾಯಿಪಾಠ.

ಪ್ರಭು ಮನೆಯಲ್ಲಿರಲಿಲ್ಲ. ಅವನ ಅಂಗಿಗಳು ಅಂಗಳದ ತಂತಿಯ ಮೇಲೆ ತೋಳು ಚಾಚಿ ತೂಗುತ್ತಿದ್ದವು. ಅಂದಾನೆಪ್ಪನ ಮಗಳು ದಾನೇಶ್ವರಿ ಆ ಅಂಗಿಗಳ ನಡುವಿನಿಂದ ದಾರಿ ಮಾಡಿಕೊಂಡು ಬಂದಳು. ಒಳಗೆ ಹೋಗಿ, ಕರೆಯದೆ ಬಂದವರಿಗೂ ಕೊಡುವ ಬೆಲ್ಲ ನೀರು ತಂದಳು.

ತಂಬಿಗೆ ಚಾಚಿದಾಗ ಬಳೆಗಳು ಹಿಂದೆ ಸರಿದವು. ಮಣಿಕಟ್ಟಿನ ಮೇಲೆ ಹೊಸೆದು ಕಟ್ಟಿದ ಕೆಂಪು ದಾರದ ಎಳೆಗಳು. ಒಂದರಲ್ಲಿ ಒಂದು ಗಂಟು. ಒಂದರಲ್ಲಿ ಎರಡು. ಒಂದರಲ್ಲಿ ಮೂರು.

ಮೈಲಾರವ್ವ ಬೆಲ್ಲ ಬಾಯಿಗೆ ಹಾಕಿಕೊಂಡಳು, ನೀರು ಕುಡಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕೈಯಾಗ ಏನ ಮಗಳ ಅದು?"

"ತಾಯ್ತ ದೊಡ್ಡವ್ವಾ. ದರ್ಗಾದ್ದು. ಅಪ್ಪನ ಸೈಕಲ್ಲಿಗಿತ್ತು. ದಾವೂದ್ ಕಾಕಾ ಓದಿಸಿ ಕಟ್ಟಿದ್ದು."

"ಸೈಕಲ್ಲಿಗೆ ಎಲ್ಲಿತ್ತು? ಹ್ಯಾಂಡಲ್ಲಿಗೋ?"

"ಇಲ್ರಿ, ಒಳಗ. ಡಬ್ಬಿಯೊಳಗ."

"ಹೂಂ."

ತಂತಿಯ ಮೇಲಿನ ಅಂಗಿಯೊಂದರಿಂದ ನೀರು ತೊಟ್ಟಿಕ್ಕುತ್ತಿತ್ತು. ಮೈಲಾರವ್ವನಿಗೆ ಅವಸರವಿರಲಿಲ್ಲ. ಹೊತ್ತು ಇಳಿಯುತ್ತಿದ್ದರೂ ಇರಲಿಲ್ಲ.

"ಅದು ತಾಯ್ತ ಅಲ್ಲವ್ವಾ. ದಾವೂದಸಾಬಗ ಬಣ್ಣಾ ತಿಳಿಯಂಗಿಲ್ಲ. ಯಾವ ವೈರ್ ಯಾವುದಕ್ಕ ಅಂತ ಗುರ್ತಿಗೆ ಖಾಸಿಂಬಿ ಕಟ್ಟಿದ್ದು. ಆ ವೈರ್ ಬಿಚ್ಚಿ ತಪ್ಪಿ ಕೂಡಸಿದ್ರ ಸೈಕಲ್ಲು ಹಿಂದ ಹೋಗತೈತಿ."

ದಾನೇಶ್ವರಿ ತನ್ನ ಕೈಯನ್ನು ತಾನೇ ನೋಡಿಕೊಂಡಳು.

"ನಿಮ್ಮಪ್ಪ ಮನಿ ಬಿಟ್ಟ ದಿನಾ ಅಗಸಿ ಬಾಗಲ ಮುಂದ ಚಂದಂಗಿ ಸೈಕಲ್ ನಡಸಿಕೊಂಡು ಮುಂದ ಹೋದ. ಊರ ಮಂದಿ ನೋಡ್ಯಾರ. ಅಂದ್ರ ಆ ದಿನಾ ದಾರ ಒಳಗ ಇದ್ವು. ಆಮ್ಯಾಲೆ ಬಿಚ್ಚ್ಯಾರ. ಆಮ್ಯಾಲೆ ಬಿಚ್ಚಿದ ದಾರ ನಿನ್ನ ಕೈಗೆ ಯಾರ ಕಟ್ಟಿದ್ರು?"

ಮೊದಲು ಒಂದು ನಗು ಬಂತು, ಅದು ಅರ್ಧದಲ್ಲೇ ಅಳುವಾಯಿತು. ದಾನೇಶ್ವರಿ ಕಟ್ಟೆಯ ಮೇಲೆ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡಳು.

"ಪಂಚರಿನಾಂವ ಕತ್ತರಿಸಿ ಕೆಸರಿಗೆ ಒಗದಿದ್ದನಂತ ದೊಡ್ಡವ್ವಾ. ಅಪ್ಪಾ ಒಂದೊಂದ ಆರಿಸಿ, ತೊಳದು, ಕಣ್ಣಿಗೆ ಒತಗೊಂಡು ಇಟಗೊಂಡಿದ್ದಾ. ಇದರಿಂದನ ಉಳದೀನಿ, ಇನ್ನ ನಿನಗಿರಲಿ ಅಂತ ಕಟ್ಟಿದಾ."

"ಅದಾನ ಹಂಗಾರ."

"ಅದಾನ. ಮೊನ್ನಿ ಸಂತಿಗಂತ ಹೇಳಿ ಹೋಗಿ ನೋಡಿ ಬಂದೆ."

ಮೈಲಾರವ್ವ ಕಣ್ಣು ಮುಚ್ಚಿದಳು. ವಾರದಿಂದ ಅವಳ ಕನಸಿನಲ್ಲಿ ಕಾಲುವೆಯ ತಳದಲ್ಲಿ ಮಲಗಿದ್ದ ಮುದುಕ ಎದ್ದು, ಮೈಕೊಡವಿ, ಅಡವಿಯ ದಂಡೆಗೆ ನಡೆದುಹೋದ.

"ಯಾರಿಗೆ ಅಂಜಿ ಅಡಗಿದ?"

"ಮೊದಲ ಆ ಸೈಕಲ್ ಚೀರತಿತ್ತು. ಅಪ್ಪಾ ಅಗಸಿಗೆ ಬಂದ್ರ ಮನಿಯೊಳಗ ಕೇಳತಿತ್ತು. ಬ್ಯಾಟರಿ ಹಚ್ಚಿದ ಮ್ಯಾಲೆ ಸಪ್ಪಳನ ಇಲ್ಲ. ಸಪ್ಪಳಿಲ್ದ ಹೋಗಿ ಕಾಲುವಿ ಗೇಟಿನ ಹತ್ರ ನೋಡಬಾರದ್ದು ನೋಡ್ಯಾನ. ಏನಂತ ನನಗೂ ಹೇಳಿಲ್ಲ. ನೋಡಿದ್ದು ಅಲ್ಲಿದ್ದವರಿಗೆ ಗೊತ್ತಾಗೇತಿ, ಕೈಗೆ ಸಿಕ್ಕರ ಉಳಸಂಗಿಲ್ಲ."

"ಯಾರನ್ನ ನೋಡಿದ?"

"ಹೆಸರ ಕೇಳಬ್ಯಾಡ್ರಿ." ದಾನೇಶ್ವರಿಯ ಕಣ್ಣು ತಂತಿಯ ಮೇಲಿನ ಅಂಗಿಗಳತ್ತ ಹೋಗಿ, ಸುಟ್ಟುಕೊಂಡಂತೆ ಹಿಂದೆ ಬಂತು. "ಅವರ ಬಾಜೂನ ನಾ ಉಣಬೇಕು, ಮಕ್ಕೋಬೇಕು."

ಗಾಳಿಗೆ ಅಂಗಿಯ ತೋಳೊಂದು ಎದ್ದು ಇಳಿಯಿತು.

"ಸಂಜಿಗೆ ದಾವೂದಸಾಬ ಒಳಗ ಹೋಗ್ತಾನ. ಗೊತ್ತೈತೇನ?"

"ಗೊತ್ತೈತಿ."

"ನಿನ್ನ ಒಂದು ಮಾತಿಗೆ ಉಳೀತಾನ."

"ಅದ ಒಂದು ಮಾತಿಗೆ ನಮ್ಮಪ್ಪ ಹೋಗ್ತಾನ ದೊಡ್ಡವ್ವಾ."

"ಸೈಕಲ್ ತಂದು ದಂಡಿಗೆ ಕೆಡವಿದಾವ್ರು ಯಾರು? ನೀ ಒಬ್ಬಾಕಿಗೆ ಆಗೂ ಕೆಲಸಲ್ಲ ಅದು."

ದಾನೇಶ್ವರಿ ಬಳೆಗಳನ್ನು ಕೆಳಗೆಳೆದು ದಾರ ಮುಚ್ಚಿಕೊಂಡು, ತಂಬಿಗೆ ಎತ್ತಿಕೊಂಡು ಒಳಗೆ ನಡೆದಳು.

ಹೊರಠಾಣೆ ಮುಟ್ಟುವಾಗ ಹೊತ್ತು ಜೋಳದ ಹೊಲದ ಅಂಚಿಗೆ ಗಲ್ಲ ಹಚ್ಚಿತ್ತು. ಬಯಲೆಲ್ಲ ಅರಿಸಿನ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ವರಾಂಡದ ಬೆಂಚಿನ ಮೇಲೆ ದಾವೂದಸಾಬ ಕೂತಿದ್ದ, ಬಸ್ಸಿಗೆ ಕಾಯುವವನ ಹಾಗೆ ನಿರಾಳವಾಗಿ.

"ನಾವು ಕರ್ಯಾಕ ಹೋಗೂದ ಬೇಕಾಗಲಿಲ್ಲ ಅವ್ವಾರ," ಸಾಹೇಬರು ಒಳಗಿನಿಂದ ಹೇಳಿದರು. "ತಾವ ಬಂದು, ತಪ್ಪು ನಂದ ಅಂತ ಬರಸ್ಯಾರ."

ಮೈಲಾರವ್ವ ಬೆಂಚಿನ ಮೇಲೆ ಅವನ ಪಕ್ಕ ಕೂತಳು.

"ಅಂದಾನೆಪ್ಪ ಜೀವಂತ ಅದಾನ," ಎಂದಳು ತುಟಿ ಅಲುಗದಂತೆ.

ಅವನು ಬೆಚ್ಚಲಿಲ್ಲ. ಅವಳ ಕಡೆ ತಿರುಗಲೂ ಇಲ್ಲ. ಮುಳುಗುವ ಹೊತ್ತನ್ನೇ ನೋಡುತ್ತ ಕೂತ. ಅವನ ಕಣ್ಣಿಗೆ ಆ ಆಕಾಶ ಯಾವ ಬಣ್ಣದ್ದೋ ದೇವರಿಗೇ ಗೊತ್ತು.

ಆಗ ಅವಳಿಗೆ ತಿಳಿಯಿತು. ಮಧ್ಯಾಹ್ನ ಡಬ್ಬಿ ನೋಡಿದಾಗ ಅವನ ಬಾಯಿ ಕಟ್ಟಿದ್ದು ನಾಚಿಕೆಯಲ್ಲ.

"ದಂಡಿಗೆ ತಂದು ಕೆಡವಿದಾಂವ ನೀನ."

"ಮೆಲ್ಲಕ ಅಕ್ಕಾ."

"ನಡಸಿ ನೋಡದ ಕೆಡವಿದಿ."

"ಹಿಂದ ತಿರಗತೈತಿ ಅಂತ ನನಗೇನ ಗೊತ್ರಿ? ಗುಜರಿ ಲಾರ್ಯಾಗ ಹಾಕ್ಕೊಂಡು ರಾತ್ರೋರಾತ್ರಿ ತಂದು ಕೆಡವಿದೆ, ಅವಸರದಾಗ ಡಬ್ಬಿ ತಗೀಲಿಲ್ಲ." ಅವನು ಸಣ್ಣಗೆ ನಕ್ಕ. "ಬರೊಬ್ಬರಿ ಆತು ಬಿಡ್ರಿ. ಹೆಣಾ ಸಿಗದಿದ್ರ ಆ ಅಳಿಯಾ ಹುಡುಕೂದು ಬಿಡತಿದ್ದಿಲ್ಲ. ಈಗ ನಾ ಒಳಗ ಕುಂತ್ರ ಕಾಕಾ ಸತ್ತಾನಂತ ಸರಕಾರಾನ ಹೇಳಿಧಂಗ ಆತು. ಕಾಕಾ ಇನ್ನೊಂದು ನಾಕು ದಿನಾ ಉಸರಾಡತಾನ."

"ಖಾಸಿಂಬಿಗೆ ಏನ ಹೇಳಲಿ?"

ಅವನ ಎಣ್ಣೆ ಕಟ್ಟಿದ ಬೆರಳುಗಳು ಅಂಗಿಯ ತುದಿಯನ್ನು ಹುಡುಕಿದವು. ಮಾಡದ ತಪ್ಪಿಗೆ ಜನ ಒಳಗೆ ಹೋದದ್ದನ್ನು ಮೈಲಾರವ್ವ ನೋಡಿದ್ದಳು. ತಾನಾಗಿ ನಡೆದು ಬಂದು ಬೆಂಚಿನ ಮೇಲೆ ಕೂತವನನ್ನು ನೋಡಿರಲಿಲ್ಲ.

"ನೀ ಯಾಕ ಕೂಡಬೇಕು?" ಅವಳ ಪಿಸುಮಾತು ಅವಳಿಗೇ ತಿಳಿಯದಂತೆ ಏರಿತು. "ನಾಳೆ ಮುಂಜಾನೆನ ನಾ ಅಳ್ನಾವರಕ್ಕ ಹೋಗ್ತೀನಿ. ಅಂದಾನೆಪ್ಪನ್ನ ನಾನ ಕರಕೊಂಡು ಬಂದು ಸಾಹೇಬರ ಮುಂದ..."

ದಾವೂದಸಾಬನ ಕೈ ಅವಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಿತು.

ಬೆನ್ನ ಹಿಂದೆ, ಠಾಣೆಯ ಬಾಗಿಲಲ್ಲಿ, ಯಾರೋ ಗಂಟಲು ಸರಿಮಾಡಿಕೊಂಡರು. ಫಿರ್ಯಾದಿಗೆ ಕೊನೆಯ ಸಹಿ ಹಾಕಲು ಬಂದು ಒಳಗೆ ಕೂತಿದ್ದ ಪ್ರಭು ಹೊಸ್ತಿಲು ದಾಟಿ ಬಂದ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮುಖದ ತುಂಬ ಮರ್ಯಾದೆ.

"ನಮಸ್ಕಾರ್ರಿ ದೊಡ್ಡವ್ವಾ," ಎಂದ. "ಅಳ್ನಾವರದಾಗ ಯಾರ ಅದಾರ?"

ಅವಳು ಏಳುವಷ್ಟರಲ್ಲಿ ಅವನು ಮೆಟ್ಟಿಲು ಇಳಿದಾಗಿತ್ತು. ಠಾಣೆಯ ಹಿಂದೆ ನಿಲ್ಲಿಸಿದ್ದ ಟೆಂಪೋದ ದೀಪಗಳು ಹೊತ್ತಿಕೊಂಡವು. ಅದು ಮನೆಯ ಹಾದಿಗೆ ಹೊರಳಲಿಲ್ಲ. ಕೆಂಪಗೆ ಮುಳುಗುತ್ತಿದ್ದ ಪಡುವಣದ ಕಡೆಗೆ, ಅಳ್ನಾವರದ ಹಾದಿಯಲ್ಲಿ, ಅವಸರವಿಲ್ಲದೆ, ಹೊರಟಿತು.